ನಕಲು ಮಾಡೆನೆಂಬ ಜೆರಾಕ್ಸು

ತಂಗಿಯ ಮಗಳು ಬೆಂಗಳೂರಿನಲ್ಲೇ ಬಿ.ಎಸ್ಸಿ. ಸೇರಿದ್ದಾಳೆ. ಮೊದಲ ವಾರವೇ ಕೃತಿಚೌರ್ಯ ಜಾಗೃತಿ ಕಾರ್ಯಕ್ರಮ. ದೀಪ ಬೆಳಗಿ, ಶಾಲು ಹೊದಿಸಿ, ಕೊನೆಗೆ ಎಲ್ಲರ ಕೈಗೂ ಒಂದು ಮುಚ್ಚಳಿಕೆ: 'ನಾನು ಯಾರ ಬರಹವನ್ನೂ ನಕಲು ಮಾಡುವುದಿಲ್ಲ.' ಹಾಳೆ ನೋಡಿದೆ. ಜೆರಾಕ್ಸಿನ ಜೆರಾಕ್ಸು, ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ಕಪ್ಪು ನೆರಳು. ಮೂರನೇ ಸಾಲಿನಲ್ಲಿ ಬೇರಾವುದೋ ಕಾಲೇಜಿನ ಹೆಸರು ಹಾಗೇ ಉಳಿದಿತ್ತು.

"ಮಾವ, ಸೈನ್ ಮಾಡ್ಲಾ?"

ಮಾಡು ಪುಟ್ಟಿ, ಆ ಕಾಲೇಜಿನಲ್ಲಂತೂ ನೀನು ನಕಲು ಮಾಡೋದಿಲ್ಲ.

ಭಾಷಣಕಾರರು ಯುಜಿಸಿಯ 2018ರ ನಿಯಮ ಓದಿದರಂತೆ. ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಪಿಎಚ್.ಡಿ.ಯವರ ಈ ಲೆಕ್ಕದಲ್ಲಿ ಇವಳ ತಲೆಗೆ ಹೊಕ್ಕಿದ್ದು, ಹತ್ತು ಪರ್ಸೆಂಟ್ ನಡೆಯುತ್ತೆ ಅನ್ನುವುದಷ್ಟೇ. ಕರ್ನಾಟಕದಲ್ಲಿ ಬೆಳೆದ ಮಗು, ಪರ್ಸೆಂಟೇಜಿನ ಭಾಷೆ ಬೇಗ ತಿಳಿಯುತ್ತದೆ. ಪದಗಳನ್ನು ಅದಲುಬದಲು ಮಾಡಿ, ಮೂಲ ಲೇಖಕರ ಹೆಸರು ನುಂಗಿದರೆ ಅದೂ ಕಳ್ಳತನವೇ ಎಂದು ಮಾತ್ರ ಯಾರೂ ಹೇಳಲಿಲ್ಲ.

ದೊಡ್ಡವರೇನು ಕಮ್ಮಿ? 2010ರಲ್ಲಿ ದೇಶದ ಆರು ವಿಜ್ಞಾನ ಅಕಾಡೆಮಿಗಳು ಸೇರಿ ಕುಲಾಂತರಿ ಬೆಳೆಗಳ ಬಗ್ಗೆ ವರದಿ ಕೊಟ್ಟವು. ಬಿಟಿ ಬದನೆಯ ಗಲಾಟೆ ಜೋರಾಗಿದ್ದ ವರ್ಷ. ವರದಿಯೊಳಗೆ ಬೇರೊಂದು ಲೇಖನದ ಸಾಲುಗಳು ಇದ್ದಹಾಗೇ ಸಿಕ್ಕಿಬಿದ್ದು, ತಿದ್ದಿ ಕೊಡಬೇಕಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದ ಅಜ್ಜಿಗೆ ಇದು ಮೊದಲೇ ಗೊತ್ತಿತ್ತೇನೋ!

ಮರುದಿನ ಲ್ಯಾಬು. ದಾರಕ್ಕೆ ಗುಂಡು ಕಟ್ಟಿ ತೂಗಿಸಿ ಗುರುತ್ವದ 'ಜಿ' ಕಂಡುಹಿಡಿಯುವುದು. ಬೆಂಗಳೂರಿನಲ್ಲಿ ಅದು ಸುಮಾರು 9.78. ಸಮಭಾಜಕ ವೃತ್ತ ಹತ್ತಿರ, ಊರು 900 ಮೀಟರ್ ಎತ್ತರದಲ್ಲಿ. ಭೂಮಿ ಇಲ್ಲಿ ಒಂಚೂರು ಸಡಿಲವಾಗಿ ಎಳೆಯುತ್ತದೆ. ಆದರೆ ಸೀನಿಯರುಗಳಿಂದ ಜೂನಿಯರುಗಳಿಗೆ ಇಳಿದು ಬರುವ ರೆಕಾರ್ಡುಗಳಲ್ಲೆಲ್ಲ 9.81. ಅದು ಪ್ಯಾರಿಸ್, ಲಂಡನ್ ಕಡೆಯ ಅಂಕಿ. ನಮ್ಮ ಹುಡುಗರ ಲೋಲಕ ವರ್ಷವರ್ಷವೂ ವೀಸಾ ಇಲ್ಲದೆ ಲಂಡನ್ನಿಗೆ ಹೋಗಿ ತೂಗಿ ಬರುತ್ತದೆ.

ಇವಳಿಗೆ 9.6 ಬಂತು. ದಾರವನ್ನು ಗಂಟಿನವರೆಗಷ್ಟೇ ಅಳೆದಿದ್ದಳು, ಗುಂಡಿನ ತ್ರಿಜ್ಯ ಕೂಡಿಸಿರಲಿಲ್ಲ. ಕೆಂಪು ಶಾಯಿಯಲ್ಲಿ 'ರಿಪೀಟ್' ಬಿತ್ತು. 9.81 ಇಳಿಸಿಕೊಂಡಿದ್ದ ಪಕ್ಕದವನಿಗೆ 'ಗುಡ್'. ಎಲ್ಲಿ ತಪ್ಪಿತಮ್ಮ ಎಂದು ಕೇಳಲು ಎರಡು ನಿಮಿಷ ಸಾಕಿತ್ತು. ಇಡೀ ಬ್ಯಾಚಿನಲ್ಲಿ ಕದಿಯದ ಅಂಕಿ ಅದೊಂದೇ ಇತ್ತು ಸ್ವಾಮಿ, ಅದನ್ನೇ ಹೊಡೆದು ಹಾಕಿದಿರಿ.

ರಾತ್ರಿ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಾ ಕೂತಿದ್ದಳು. 9.81 ಬಂತು. ಎಲ್ಲರದೂ ಅದೇ ಇದ್ದರೆ ಅನುಮಾನ ಬರುತ್ತೆ ಅಂತ ಅಳಿಸಿ 9.80 ಮಾಡಿಕೊಂಡಳು.