ನೆಗಿಶಿ ಅವರ ಹೆಸರೂ ಇರಬೇಕಿತ್ತು

ಕರೋಕೆ, ಅಂದರೆ ಹಿನ್ನೆಲೆ ಸಂಗೀತಕ್ಕೆ ನಾವೇ ಹಾಡುವುದು, ಅದರ ಬಗೆಗಿನ ನಿಮ್ಮ ಲೇಖನದಲ್ಲಿ, 1971ರಲ್ಲಿ ಜಪಾನಿನ ಕೋಬೆಯಲ್ಲಿ ಡೈಸುಕೆ ಇನೊವೆ ಕರೋಕೆ ಯಂತ್ರ ಮಾಡಿದರು, ಅಲ್ಲಿಂದಲೇ ಎಲ್ಲ ಶುರು ಎಂದು ಬರೆದಿದ್ದೀರಿ. ಆದರೆ ಅದಕ್ಕೂ ಮೊದಲೇ, 1967ರಲ್ಲಿ, ಟೋಕಿಯೊದ ಶಿಗೆಇಚಿ ನೆಗಿಶಿ ಇಂಥದ್ದೇ ಪೆಟ್ಟಿಗೆ ಮಾಡಿದ್ದರು! ಅವರದು ಎಲೆಕ್ಟ್ರಾನಿಕ್ಸ್ ಜೋಡಿಸುವ ಕಂಪನಿ. ಅವರು ಹಾಡುವುದನ್ನು ಕೇಳಿ ಕೆಲಸಗಾರನೊಬ್ಬ ತಮಾಷೆ ಮಾಡಿದ. ಹಿಂದೆ ಸಂಗೀತ ಇದ್ದಿದ್ದರೆ ಚೆನ್ನಾಗಿರುತ್ತಿತ್ತಲ್ವಾ ಅಂತ ಅವರಿಗೆ ಅನ್ನಿಸಿತು. ಟೇಪ್ ಡೆಕ್ಕಿಗೆ ಮೈಕ್ ಜೋಡಿಸಿದರು, ನಾಣ್ಯ ಹಾಕಿದರೆ ಓಡುವ ಹಾಗೆ ಮಾಡಿದರು. ಹಾಡಿನ ಸಾಹಿತ್ಯವನ್ನು ಪುಸ್ತಕದಲ್ಲಿ ನೋಡಿಕೊಂಡು ಹಾಡಬೇಕಿತ್ತು. ಹೆಸರು 'ಸ್ಪಾರ್ಕೋ ಬಾಕ್ಸ್'.

ಇನೊವೆ ಕೊಡುಗೆ ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದವರು ಅವರು. ಮಾಮೂಲಿ ಜನರ ದನಿ ಎಲ್ಲಿಯವರೆಗೆ ಏರುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ತಕ್ಕ ಶ್ರುತಿಯಲ್ಲೇ ಟೇಪ್ ಮಾಡಿಸಿದರು. ಕರೋಕೆ ಇಷ್ಟು ಹಬ್ಬಿದ್ದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ, ಯಂತ್ರಕ್ಕಿಂತ ಜಾಸ್ತಿ.

ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ. ಪೇಟೆಂಟ್ ಸಿಕ್ಕಿದ್ದು ಫಿಲಿಪೀನ್ಸ್‌ನ ರೊಬೆರ್ಟೊ ಡೆಲ್ ರೊಸಾರಿಯೊ ಅವರಿಗೆ, ಅವರ 'ಸಿಂಗ್ ಅಲಾಂಗ್' ಯಂತ್ರಕ್ಕೆ. ಇನೊವೆಗೆ 2004ರಲ್ಲಿ ಇಗ್ ನೊಬೆಲ್ (ನೊಬೆಲ್ ಅನ್ನು ಅಣಕಿಸುವ ತಮಾಷೆಯ ಪ್ರಶಸ್ತಿ) ಶಾಂತಿ ಪ್ರಶಸ್ತಿಯಾದರೂ ಬಂತು. ನೆಗಿಶಿ 2024ರಲ್ಲಿ, ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ದಯವಿಟ್ಟು ಅವರ ಬಗ್ಗೆ ಲೇಖನದಲ್ಲಿ ಎರಡು ಸಾಲು ಸೇರಿಸಿ.