‘ವಿನಾಯಕ’ ಯಾರು ಅಂತ ಕಂಪ್ಯೂಟರಿಗೆ ಹೇಳುವವರು ಯಾರು?

ನಾನು ಸಂಶೋಧನೆ ಮಾಡುತ್ತಿದ್ದ ಕಾಲದ ಮಾತು. ವಿ.ಕೃ. ಗೋಕಾಕರ ಕವಿತೆಗಳ ಮೇಲೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಅಲ್ಲಿನ ಕಂಪ್ಯೂಟರ್ ಕ್ಯಾಟಲಾಗಿನಲ್ಲಿ, ಅಂದರೆ ಪುಸ್ತಕಗಳ ಪಟ್ಟಿಯಲ್ಲಿ, ‘ಗೋಕಾಕ’ ಅಂತ ಹುಡುಕಿದೆ. ವಿಮರ್ಶೆಯ ಪುಸ್ತಕಗಳು ಬಂದವು. ‘ಸಮುದ್ರ ಗೀತೆಗಳು’ ಬರಲಿಲ್ಲ. ಇಲ್ಲಿ ಇಲ್ಲ ಅಂದುಕೊಂಡು ಬೇರೆ ಊರಿಗೆ ಹೋಗಿ ಓದಿ ಬಂದೆ. ಎಷ್ಟೋ ತಿಂಗಳ ಮೇಲೆ ಅದೇ ಗ್ರಂಥಾಲಯದ ಕಪಾಟಿನಲ್ಲಿ ಆ ಪುಸ್ತಕ ಕಣ್ಣಿಗೆ ಬಿತ್ತು. ಕ್ಯಾಟಲಾಗಿನಲ್ಲಿ ಲೇಖಕರ ಹೆಸರು ‘ವಿನಾಯಕ’ ಅಂತ ಇತ್ತು. ಅದು ಗೋಕಾಕರ ಕಾವ್ಯನಾಮ, ಹಾಗಾಗಿ ತಪ್ಪೇನೂ ಅಲ್ಲ. ಆದರೆ ಈ ಎರಡು ಹೆಸರೂ ಒಬ್ಬರದೇ ಅಂತ ಯಾರೂ ಅಲ್ಲಿ ಬರೆದಿರಲಿಲ್ಲ.

ನಮ್ಮಲ್ಲಿ ಇದು ಸಣ್ಣ ತೊಂದರೆ ಅಲ್ಲ. ಬೇಂದ್ರೆ ಅಂಬಿಕಾತನಯದತ್ತರಾದರು. ಮಾಸ್ತಿಯವರು ‘ಶ್ರೀನಿವಾಸ’ ಅಂತ ಬರೆದರು. ಕುವೆಂಪು ಕೆಲವು ಕಡೆ ಕೆ.ವಿ. ಪುಟ್ಟಪ್ಪ. ತ್ರಿವೇಣಿಯವರ ನಿಜ ಹೆಸರು ಅನಸೂಯಾ ಶಂಕರ್. ಇದರ ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಹಳೇ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿ ಯುನಿಕೋಡಿಗೆ ಬದಲಾಯಿಸದೆ ಬಿಟ್ಟ ಕ್ಯಾಟಲಾಗ್ ದಾಖಲೆಗಳಂತೂ ಕನ್ನಡದಲ್ಲಿ ಹುಡುಕಿದರೆ ಸಿಕ್ಕುವುದೇ ಇಲ್ಲ.

ಹಿಂದೆ ಕಾರ್ಡುಗಳ ಡ್ರಾಯರ್ ಇದ್ದಾಗ ಇದಕ್ಕೆ ಒಂದು ಸರಳ ಉಪಾಯ ಇತ್ತು. ‘ವಿನಾಯಕ, ನೋಡಿ: ಗೋಕಾಕ’ ಅಂತ ಒಂದು ಕಾರ್ಡ್ ಇಡುವುದು, ಅಷ್ಟೆ. ಈಗ ಅದನ್ನೇ ಅಥಾರಿಟಿ ಫೈಲ್ ಅನ್ನುತ್ತಾರೆ. ಆ ಒಂದು ಸಾಲು ಬರೆಯಲು ಸಾಹಿತ್ಯ ಗೊತ್ತಿರುವ ಮನುಷ್ಯ ಬೇಕು.

ಪುಸ್ತಕ ಯಾವ ವಿಷಯದ್ದು ಅನ್ನುವ ಗೋಜಲು ಇನ್ನೂ ದೊಡ್ಡದು. ಬಸವಣ್ಣನವರ ವಚನಗಳನ್ನು ಎಲ್ಲಿ ಇಡುತ್ತೀರಿ? ಗ್ರಂಥಾಲಯಗಳಲ್ಲಿ ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಧರ್ಮ ಅಂದರೆ 200ರ ಸಾಲು, ಅದು ಬೇರೆ ಕಪಾಟು. ಪುಸ್ತಕ ಇರುವುದು ಒಂದೇ ಜಾಗದಲ್ಲಿ, ಸರಿ. ಆದರೆ ದಾಖಲೆಯಲ್ಲಿ ಕಾವ್ಯ, ಶರಣ ಚಳವಳಿ, ಜಾತಿ, ಕಾಯಕ ಎಲ್ಲವನ್ನೂ ಬರೆಯಬಹುದಲ್ವಾ? ಒಂದು ಪುಸ್ತಕಕ್ಕೆ ಹಲವು ಮುಖ ಇರುತ್ತದೆ ಅಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1933ರಲ್ಲೇ ‘ಕೋಲನ್ ವರ್ಗೀಕರಣ’ ಅನ್ನುವ ತಮ್ಮ ಪದ್ಧತಿಯಲ್ಲಿ ತೋರಿಸಿದ್ದರು. ಅವರು 1962ರಲ್ಲಿ ಡಿಆರ್‌ಟಿಸಿ ಅನ್ನುವ, ಈ ವಿದ್ಯೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದ್ದು ಬೆಂಗಳೂರಿನಲ್ಲೇ. ಅಂಥ ಊರಿರುವ ನಾಡಿನಲ್ಲಿ ‘ವಚನ’ ಅನ್ನುವ ಒಂದೇ ಪದ ಬರೆದು ಕೈಬಿಟ್ಟ ದಾಖಲೆ ನೋಡಿದಾಗ ನನಗೆ ನಿಜವಾಗಲೂ ನೋವಾಗುತ್ತದೆ.

ಎಲ್ಲರೂ ಸ್ಕ್ಯಾನ್ ಮಾಡಿ ಅನ್ನುತ್ತಾರೆ. ಮಾಡಬೇಕು, ಬೇಡ ಅನ್ನುವುದಿಲ್ಲ. ಆದರೆ ಸರ್ಕಾರದ ನೆರವಿನ ಸ್ಕ್ಯಾನಿಂಗ್ ಯೋಜನೆಯಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕ ಸ್ಕ್ಯಾನ್ ಆಗಿದ್ದರೂ ಅವುಗಳ ಹೆಸರು ಇದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ. ಓದುಗರೇ ಸೇರಿ, ಕನ್ನಡ ಪುಸ್ತಕ ಹುಡುಕುವ ಜಾಲತಾಣ ‘ಪುಸ್ತಕ ಸಂಚಯ’ಕ್ಕಾಗಿ ಆ ಹೆಸರುಗಳನ್ನು ಕನ್ನಡ ಅಕ್ಷರಕ್ಕೆ ತಂದರು. ಸಂಬಳ ಇಲ್ಲದೆ, ಒಂದೊಂದೇ ಹೆಸರು. ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಇಷ್ಟು ಮುಖ್ಯ ಕೆಲಸ ಬಿಡುವಿನ ವೇಳೆಯ ಸೇವೆ ಆಗಿಯೇ ಉಳಿಯಬಾರದು. ಸ್ಕ್ಯಾನಿಂಗಿಗೆ ಹಣ ಬಂದಾಗ ಕ್ಯಾಟಲಾಗ್ ಮಾಡುವವರ ಸಂಬಳವನ್ನೂ ಅದರಲ್ಲೇ ಸೇರಿಸಲಿ.

ನಿಮ್ಮ ಕಾಲೇಜಿನ ಕ್ಯಾಟಲಾಗಿನಲ್ಲಿ ಇವತ್ತು ಒಮ್ಮೆ ‘ಗೋಕಾಕ’ ಅಂತ ಹುಡುಕಿ. ‘ಸಮುದ್ರ ಗೀತೆಗಳು’ ಬಂತಾ ಅಂತ ಇಲ್ಲಿ ಬರೆಯಿರಿ.