ನಿವೃತ್ತಿಯ ಹೊಸ್ತಿಲಲ್ಲಿ ಬರುವ ಬಡ್ತಿ

ನನ್ನ ಹಳೆಯ ಘಟಕದ ಹವಾಲ್ದಾರನೊಬ್ಬ ನಿನ್ನೆ ರಾತ್ರಿ ಫೋನ್ ಮಾಡಿದ್ದ. ಈ ತಿಂಗಳ ಕೊನೆಗೆ ಅವನ 26 ವರ್ಷದ ಸೇವೆ ಮುಗಿಯುತ್ತದೆ. ಕ್ವಾರ್ಟರ್ಸ್ ಬಿಟ್ಟುಕೊಟ್ಟು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದಾನೆ, ಮಗಳ ಟಿ.ಸಿ. ತೆಗೆಸಿದ್ದಾನೆ, ಕಪ್ಪು ಟ್ರಂಕಿನ ಮೇಲಿದ್ದ ನಂಬರು, ರ‍್ಯಾಂಕು, ಯೂನಿಟ್ಟಿನ ಹೆಸರನ್ನು ಅಳಿಸಿ ಬಿಳಿ ಬಣ್ಣದಲ್ಲಿ ಮನೆಯ ವಿಳಾಸ ಬರೆಸಿದ್ದಾನೆ. ಇಷ್ಟೆಲ್ಲ ಆದ ಮೇಲೆ, ಹವಾಲ್ದಾರನ ಮೇಲಿನ ನಾಯಬ್ ಸುಬೇದಾರ್ ಹುದ್ದೆಗೆ ಅವನ ಬಡ್ತಿಯ ಸರದಿ ಬಂದಿದೆ, ಒಪ್ಪಿಗೆಯೋ ಅಲ್ಲವೋ ಬರೆದುಕೊಡಬೇಕು ಎಂದು, ಸೇವಾ ದಾಖಲೆ, ಬಡ್ತಿಗಳನ್ನು ನೋಡಿಕೊಳ್ಳುವ ರೆಕಾರ್ಡ್ ಆಫೀಸಿನಿಂದ ಸುದ್ದಿ ಬಂದಿದೆ. "ಸಾಬ್, ಖುಷಿ ಪಡಬೇಕೋ ಬೇಡವೋ ಒಂದೂ ತಿಳೀತಿಲ್ಲ" ಎಂದ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ನನಗೆ ನಿದ್ದೆ ಹತ್ತಲಿಲ್ಲ. ಸಿಟ್ಟು ಬಂದಿತ್ತು, ಈಗಲೂ ಇಳಿದಿಲ್ಲ.

ನಾನೂ ಸೈನ್ಯದಲ್ಲಿದ್ದು ನಾಯಬ್ ಸುಬೇದಾರನಾಗಿ ಬಡ್ತಿ ಪಡೆದವನು, ಆ ಕತೆಯನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಆದರೆ ಸೈನ್ಯದ ಹೊರಗಿರುವ ಸ್ನೇಹಿತರಿಗಾಗಿ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹವಾಲ್ದಾರನಿಗೆ 24 ವರ್ಷದ ಸೇವೆ, ಅವನ ಒಪ್ಪಿಗೆ ಮತ್ತು ಯೋಗ್ಯತೆ ನೋಡಿ ಇನ್ನೆರಡು ವರ್ಷ, ಇಲ್ಲವೇ 49ರ ವಯಸ್ಸು, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ನಾಯಬ್ ಸುಬೇದಾರನಾದರೆ ಅದೇ ಮಿತಿ 26 ವರ್ಷಕ್ಕೆ ಎರಡು ಸೇರಿ 28ಕ್ಕೆ, ವಯಸ್ಸಿನಲ್ಲಿ 52ಕ್ಕೆ ಸರಿಯುತ್ತದೆ. ಅಂದರೆ ಕೊನೆಯ ತಿಂಗಳಲ್ಲಿ ಬರುವ ಬಡ್ತಿ ಬರೀ ಭುಜದ ಮೇಲಿನ ನಕ್ಷತ್ರವಲ್ಲ, ಮನೆಯಿಂದ ದೂರ ಇನ್ನೆರಡು ವರ್ಷ ಇರುತ್ತೇನೆ ಎಂಬ ಕರಾರು. ಮನೆಗೆ ಬರುತ್ತಾನೆಂದು ದಿನ ಎಣಿಸುತ್ತಿರುವವರಿಗೆ ಈ ಕರಾರಿನ ಮಾತನ್ನು ಇದ್ದಕ್ಕಿದ್ದಂತೆ ಹೇಗೆ ಹೇಳುವುದು?

"ಹಣ ಬರುತ್ತದಲ್ಲ" ಎನ್ನುವವರು ಬಹಳ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಹವಾಲ್ದಾರನ ಆರಂಭದ ಮೂಲವೇತನ 29,200, ನಾಯಬ್ ಸುಬೇದಾರನದು 35,400. ನೋಡಿದರೆ ದೊಡ್ಡ ಜಿಗಿತವೇ. ಆದರೆ ಬಡ್ತಿ ಸಿಗದಿದ್ದರೂ 8, 16, 24 ವರ್ಷಗಳಿಗೆ ಸಂಬಳವನ್ನು ಮೇಲಿನ ಹಂತಕ್ಕೆ ಏರಿಸುವ ಎಂ.ಎ.ಸಿ.ಪಿ. ಇದೆಯಲ್ಲ! ನಾಯಕ್, ಹವಾಲ್ದಾರ್ ಎಂದು ಎರಡೇ ಬಡ್ತಿ ಕಂಡವನು 24 ವರ್ಷ ತುಂಬಿಸುವ ಹೊತ್ತಿಗೆ ಸಂಬಳದಲ್ಲಿ ಆ ಮೇಲಿನ ಹಂತಕ್ಕೆ ಆಗಲೇ ಏರಿರುತ್ತಾನೆ. ಇನ್ನು ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯ ದಿನಕ್ಕೋ ಗೌರವ ನಾಯಬ್ ಸುಬೇದಾರ್ ಪದವಿ ಸಿಕ್ಕರೆ, 2006ರ ಜನವರಿ 1ರಿಂದ ಜಾರಿಯಾದ ಆದೇಶದಂತೆ ಅದನ್ನೂ ಬಡ್ತಿಯೆಂದೇ ಪರಿಗಣಿಸಿ ಪಿಂಚಣಿ ಕಟ್ಟುತ್ತಾರೆ. ಹೀಗಿರುವಾಗ ಕೊನೆಯ ಗಳಿಗೆಯ ಬಡ್ತಿಯಿಂದ ನಿಜವಾಗಿ ಹೆಚ್ಚುವುದು ಎರಡು ವರ್ಷದ ಪೂರ್ತಿ ಸಂಬಳ, ಒಂದೆರಡು ಇನ್‌ಕ್ರಿಮೆಂಟ್, ಮತ್ತು ರ‍್ಯಾಂಕನ್ನೂ ಸೇವೆಯ ವರ್ಷಗಳನ್ನೂ ನೋಡಿ ಪಿಂಚಣಿ ನಿಗದಿ ಮಾಡುವ ಒ.ಆರ್.ಒ.ಪಿ. (ಒನ್ ರ‍್ಯಾಂಕ್ ಒನ್ ಪೆನ್ಷನ್) ಕೋಷ್ಟಕದಲ್ಲಿ ಒಂದು ಮೇಲಿನ ಸಾಲು. ಅದೇನು ಕಡಿಮೆಯಲ್ಲ. ಆದರೆ ಜನ ಅಂದುಕೊಂಡಷ್ಟೂ ಅಲ್ಲ.

ಬೇಡ ಎಂದು ಬರೆದುಕೊಟ್ಟು ಬಂದುಬಿಡು, ಡಿ.ಎಸ್.ಸಿ.ಗೆ (ರಕ್ಷಣಾ ನೆಲೆಗಳನ್ನು ಕಾಯುವ ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿಕೋ ಎಂದು ಅವನ ಭಾವಮೈದ ಹೇಳಿದನಂತೆ. ಇಂಥ ಸಲಹೆ ಕೊಡುವವರ ಮೇಲೂ ನನಗೆ ಕೋಪವಿದೆ. ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ ಮರಳಿ ಸೇರುವ ಹವಾಲ್ದಾರ್ ಮತ್ತೆ ಸಿಪಾಯಿಯಾಗಿಯೇ ಶುರು ಮಾಡಬೇಕು. ಅಲ್ಲಿನ ಎರಡನೇ ಪಿಂಚಣಿಗೆ ಮತ್ತೆ 15 ವರ್ಷದ ಸೇವೆ ಬೇಕು. 17 ವರ್ಷದ ಸೇವೆಗೇ ಹೊರಬಿದ್ದ ಸಿಪಾಯಿಗೆ ಅದು ಕೈಗೆಟುಕುವ ಮಾತು, ವಯಸ್ಸು 45 ದಾಟಿದವನಿಗೆ ಅಲ್ಲ. ವಯಸ್ಸು ಮೀರಿದರೆ ಸರ್ಕಾರಿ ಕೆಲಸ ತಪ್ಪಿಹೋಗುತ್ತದೆ ಎಂಬ ಹೆದರಿಕೆಯೂ ಅರ್ಧ ಮಾತ್ರ ಸರಿ: ಕೇಂದ್ರ ಸರ್ಕಾರದ ನೇಮಕಾತಿಗಳಲ್ಲಿ ಮಾಜಿ ಸೈನಿಕನ ವಯಸ್ಸಿನಿಂದ ಸೈನ್ಯದ ಸೇವೆಯಷ್ಟನ್ನೂ ಕಳೆದು, ಅದರ ಮೇಲೆ ಮೂರು ವರ್ಷದ ವಿನಾಯಿತಿ ಕೊಡುತ್ತಾರೆ. ಹೆಚ್ಚಿಗೆ ದುಡಿದ ಎರಡು ವರ್ಷವನ್ನೂ ಆ ಲೆಕ್ಕದಲ್ಲಿ ವಯಸ್ಸಿನಿಂದ ಕಳೆಯುತ್ತಾರೆ. ಖಾಸಗಿ ಕೆಲಸದ ಮಾತು ಬೇರೆ. ಅಲ್ಲಿ 45ಕ್ಕೂ 47ಕ್ಕೂ ವ್ಯತ್ಯಾಸ ನೋಡುವವರಿದ್ದಾರೆ.

ಇದನ್ನೆಲ್ಲ ಕೂತು ಯೋಚಿಸಲು ಸಮಯ ಬೇಕು. ಆ ಸಮಯವನ್ನೇ ಅವನಿಗೆ ಯಾರೂ ಕೊಡಲಿಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ.

ಬಡ್ತಿ ಖಾಲಿ ಹುದ್ದೆಯನ್ನು ಅವಲಂಬಿಸಿದೆ, ಹುದ್ದೆ ಯಾವಾಗ ಖಾಲಿಯಾಗುತ್ತದೋ ಯಾರು ಬಲ್ಲರು ಎಂಬ ವಾದವನ್ನು ನಾನು ಸೇವೆಯುದ್ದಕ್ಕೂ ಕೇಳಿದ್ದೇನೆ, ಒಪ್ಪಿಲ್ಲ. ಒಬ್ಬ ಸುಬೇದಾರ್ ಮೇಜರ್ ನಿವೃತ್ತನಾದರೆ ಅವನ ಜಾಗಕ್ಕೆ ಸುಬೇದಾರ್, ಅವನ ಜಾಗಕ್ಕೆ ನಾಯಬ್ ಸುಬೇದಾರ್, ಅವನ ಜಾಗಕ್ಕೆ ಹವಾಲ್ದಾರ್ ಏರುತ್ತಾನೆ. ಇವರೆಲ್ಲರ ನಿವೃತ್ತಿಯ ದಿನಾಂಕ ವರ್ಷಗಳ ಮೊದಲೇ ರೆಕಾರ್ಡ್ ಆಫೀಸಿನ ಕಡತದಲ್ಲಿರುತ್ತದೆ. ಸೀನಿಯಾರಿಟಿ ರೋಲ್, ಅಂದರೆ ಹಿರಿತನದ ಪಟ್ಟಿ, ಅವರ ಕೈಯಲ್ಲೇ ಇದೆ. ಯಾರು ಬಡ್ತಿಗೆ ಬೇಕಾದ ಕ್ಯಾಡರ್ ತರಬೇತಿ ಪಾಸಾಗಿದ್ದಾರೆ, ಯಾರ ಎ.ಸಿ.ಆರ್. (ವಾರ್ಷಿಕ ಗೌಪ್ಯ ವರದಿ) ಸರಿಯಾಗಿದೆ, ಯಾರ ಮೆಡಿಕಲ್ ಕೆಟಗರಿ ಇಳಿದಿದೆ ಎಂಬುದೆಲ್ಲ ಅವರಿಗೆ ತಿಳಿದೇ ಇದೆ. ಅವಧಿಗೆ ಮುನ್ನ ಸೇವೆ ಬಿಡುವವರಿಂದಲೋ ಅನಾರೋಗ್ಯದಿಂದಲೋ ತೆರವಾಗುವ ಹುದ್ದೆಗಳನ್ನು ಮಾತ್ರ ಮೊದಲೇ ಹೇಳಲಾಗದು. ಅಷ್ಟನ್ನು ಬಿಟ್ಟು ಉಳಿದದ್ದರ ಅಂದಾಜು ಕೊಡಲು ಒಂದು ಪತ್ರ ಸಾಕು: "ನಿನ್ನ ಸರದಿ ಇಷ್ಟನೆಯದು, ಸುಮಾರು ಇಂಥ ಸಮಯಕ್ಕೆ ಬರಬಹುದು." ಸೇವೆಯಿಂದ ಬಿಡುಗಡೆಯ ಡಿಸ್ಚಾರ್ಜ್ ಆದೇಶವನ್ನು ಮುಂಚಿತವಾಗಿ ಕಳಿಸಬಲ್ಲವರಿಗೆ ಇದೊಂದು ಪತ್ರ ಭಾರವೇ?

ಒಂದು ಮಾತು ಮನಸ್ಸು ಬಿಚ್ಚಿ ಹೇಳುತ್ತೇನೆ. ಭುಜದ ಮೇಲೆ ಮೊದಲ ಸಲ ನಕ್ಷತ್ರ, ಅದರ ಬುಡದಲ್ಲಿ ಕೆಂಪು ಹಳದಿ ಪಟ್ಟಿ ಕೂತ ದಿನ ನಾನು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ನಿನ್ನೆಯವರೆಗೆ ಹೆಸರು ಹಿಡಿದು ಕೂಗುತ್ತಿದ್ದವರು "ಸಾಬ್" ಎಂದಾಗ ಗಂಟಲು ಕಟ್ಟಿತ್ತು. ಸಂಬಳದ ಸ್ಲಿಪ್ಪಿನಲ್ಲಿ ಕಾಣದ ಸಂಗತಿ ಅದು. ಅದಕ್ಕೇ ಬಡ್ತಿ ಬೇಡ ಎಂದು ಬರೆದುಕೊಡು ಎನ್ನಲು ನನಗೆ ನಾಲಿಗೆ ಬರಲಿಲ್ಲ. ಮನೆಯಾಕೆಯನ್ನು ಕೇಳದೆ ಒಪ್ಪಿಗೆ ಕೊಡು ಎನ್ನಲೂ ಆಗಲಿಲ್ಲ. ಇವತ್ತು ರಾತ್ರಿ ಅವಳೊಂದಿಗೆ ಪೂರ್ತಿ ಲೆಕ್ಕ ಇಟ್ಟು ಮಾತಾಡು, ನಾಳೆ ಬರೆದುಕೊಡು ಎಂದೆ.

ಈ ಬರಹ ಓದುತ್ತಿರುವ, 20-22 ವರ್ಷ ಸೇವೆ ಮುಗಿಸಿದ ಹವಾಲ್ದಾರರು ನನ್ನ ಸ್ನೇಹಿತರ ಪಟ್ಟಿಯಲ್ಲಿ ಅನೇಕರಿದ್ದೀರಿ. ಪತ್ರ ಬರಲಿ ಎಂದು ಕಾಯಬೇಡಿ. ಮುಂದಿನ ರಜೆಗೆ ಹೊರಡುವ ಮುನ್ನ ಹೆಡ್ ಕ್ಲರ್ಕ್ ಬಳಿ ಕೂತು, ರೋಲ್‌ನಲ್ಲಿ ನಿಮ್ಮ ಮೇಲೆ ಎಷ್ಟು ಜನರಿದ್ದಾರೆ, ಅವರಲ್ಲಿ ಯಾರು ಯಾವಾಗ ಹೊರಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಆ ಚೀಟಿಯನ್ನು ಮನೆಗೆ ಒಯ್ದು ಮನೆಯವರಿಗೂ ತೋರಿಸಿ.